ಬೋರ್ಡಿಗೂ ಬೇಕು ಪಹಣಿ

ಚಾಮರಾಜನಗರದ ಮಗ್ಗುಲಲ್ಲೇ ಇರುವ ಹರದನಹಳ್ಳಿಯನ್ನು ಭಕ್ತರು ದಿವ್ಯಲಿಂಗೇಶ್ವರನ ಗುಡಿಯಿಂದ ಗುರುತಿಸುತ್ತಾರೆ, ರೈತರು ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದಿಂದ. ಸುತ್ತಲೂ ಅರಿಶಿನ, ಬಾಳೆ, ಸಣ್ಣ ಈರುಳ್ಳಿ. ಗುಂಡ್ಲುಪೇಟೆಯ ಕಡೆ ಹೊರಟರೆ ಸೂರ್ಯಕಾಂತಿ, ಚೆಂಡುಹೂವು. ಎಷ್ಟೋ ಜಮೀನುಗಳಿಗೆ ನೀರು ಬೋರ್‌ವೆಲ್‌ನಿಂದ ಬರಬೇಕು, ಬೋರ್‌ವೆಲ್ ಓಡಲು ತ್ರೀ ಫೇಸ್ ಕರೆಂಟು ಬರಬೇಕು. ಎಂಟೊಂಬತ್ತು ತಿಂಗಳು ನೆಲದಲ್ಲಿರುವ ಅರಿಶಿನಕ್ಕೆ ನೀರು ಕಡಿಮೆಯಾದರೆ ಗೆಡ್ಡೆ ದಪ್ಪವಾಗುವುದಿಲ್ಲ, ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ. ಮಣ್ಣಿನ ತೇವ ನೋಡಿಕೊಂಡು ಮೋಟಾರು ಹಾಕುವ ಪೆಟ್ಟಿಗೆಯೊಂದು ಹೊಲದಲ್ಲಿದ್ದರೆ ಎಂಬ ಆಸೆ ಇಲ್ಲಿ ಸಹಜ.

ಎಂಜಿನಿಯರಿಂಗ್ ಓದುತ್ತಿರುವ ಮಗಳೊಬ್ಬಳು ಅಪ್ಪನ ಹೊಲಕ್ಕೆ ಅಂಥ ಪೆಟ್ಟಿಗೆ ಮಾಡಲು ಕೂತಿದ್ದಾಳೆ ಎಂದಿಟ್ಟುಕೊಳ್ಳೋಣ. ಪೆಟ್ಟಿಗೆಯೊಳಗೆ ಬೀಗಲ್‌ಬೋನ್ ಬ್ಲ್ಯಾಕ್ ಎಂಬ ಅಂಗೈಯಗಲದ ಬೋರ್ಡು. ಅದಕ್ಕೆ ನಾಲ್ಕು ಸಂಗತಿಗಳನ್ನು ತಂತಿಯಿಂದ ಜೋಡಿಸಿದ್ದಾಳೆ: ಮಣ್ಣಿನ ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವ ಎಡಿಎಸ್1115 ಚಿಪ್ಪು, ಕರೆಂಟು ಹೋದರೂ ಗಂಟೆ ಮರೆಯದ ಡಿಎಸ್3231 ಗಡಿಯಾರದ ಚಿಪ್ಪು, ಮಳೆ ಅಳೆಯುವ ಮಾಪಕ, ಮೋಟಾರಿನ ಸ್ಟಾರ್ಟರಿಗೆ ಹೋಗುವ ರಿಲೇ. ಸ್ವಿಚ್ ಹಾಕಿದಳು. ಬೋರ್ಡಿನ ಪುಟ್ಟ ಎಲ್‌ಇಡಿ ಎದೆಬಡಿತದಂತೆ ಮಿಣುಕಿತು, ಲಿನಕ್ಸ್ ಎದ್ದಿತು. ಆದರೆ ಮಣ್ಣಿನ ಸೆನ್ಸರೂ ಇಲ್ಲ, ಗಡಿಯಾರವೂ ಇಲ್ಲ. ತಂತಿ ಸರಿಯಿದೆ, ಚಿಪ್ಪು ಸರಿಯಿದೆ, ಚಿಪ್ಪನ್ನು ಓದಬಲ್ಲ ಡ್ರೈವರೂ ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲಿದೆ. ಆ ಚಿಪ್ಪು ಅಲ್ಲಿದೆ ಎಂಬ ಸುದ್ದಿಯೊಂದು ಕರ್ನಲ್‌ಗೆ ಮುಟ್ಟಿಲ್ಲ, ಅಷ್ಟೆ.

ಆ ಸುದ್ದಿಯನ್ನು ಮುಟ್ಟಿಸುವ ಕಡತದ ಹೆಸರು ಡಿವೈಸ್ ಟ್ರೀ. ಅದನ್ನು ಓದುವುದು, ಬರೆಯುವುದು, ತಪ್ಪಿದಾಗ ಹುಡುಕುವುದು ಹೇಗೆಂದು ಈ ಪೆಟ್ಟಿಗೆಯನ್ನೇ ಮುಂದಿಟ್ಟುಕೊಂಡು ನೋಡಬಹುದು. ಇಲ್ಲಿ ಬರುವ ತಾಂತ್ರಿಕ ಪದಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಕೊಟ್ಟಿದೆ. ಕಡತದಲ್ಲಿ ಮಾತ್ರ ಅವು ಇಂಗ್ಲಿಷಿನಲ್ಲೇ ಇರಬೇಕು.

ಕರ್ನಲ್‌ಗೆ ತಾನಾಗಿ ಏಕೆ ತಿಳಿಯದು

ಲ್ಯಾಪ್‌ಟಾಪಿಗೆ ಯುಎಸ್‌ಬಿ ಪೆನ್‌ಡ್ರೈವ್ ಚುಚ್ಚಿದರೆ ಅದು ತಾನು ಯಾರು, ಯಾವ ಕಂಪನಿಯದು, ಏನು ಕೆಲಸದ್ದು ಎಂದು ತಾನೇ ಹೇಳಿಕೊಳ್ಳುತ್ತದೆ. ಯುಎಸ್‌ಬಿ ಮತ್ತು ಪಿಸಿಐ ವ್ಯವಸ್ಥೆಗಳಲ್ಲಿ ಹೀಗೆ ಪರಿಚಯ ಹೇಳಿಕೊಳ್ಳುವ ನಿಯಮವೇ ಇದೆ. ಇನ್ನುಳಿದ ಭಾಗಗಳ ವಿವರವನ್ನು ಲ್ಯಾಪ್‌ಟಾಪಿನಲ್ಲಿ ಎಸಿಪಿಐ ಎಂಬ ಪಟ್ಟಿಯ ಮೂಲಕ ಫರ್ಮ್‌ವೇರ್ ಒಪ್ಪಿಸುತ್ತದೆ.

ಪುಟ್ಟ ಬೋರ್ಡುಗಳಲ್ಲಿ ಚಿಪ್ಪುಗಳು ಕೂರುವುದು ಐ2ಸಿ, ಎಸ್‌ಪಿಐ ಎಂಬ ಸರಳ ತಂತಿದಾರಿಗಳ ಮೇಲೆ. ಐ2ಸಿಗೆ ಎರಡೇ ತಂತಿ, ಒಂದು ದತ್ತಾಂಶಕ್ಕೆ, ಇನ್ನೊಂದು ತಾಳಕ್ಕೆ. ಒಂದು ವಿಳಾಸವನ್ನು ಕೂಗಿದರೆ ಆ ವಿಳಾಸದ ಚಿಪ್ಪು ‘ಹೂಂ’ ಎನ್ನುತ್ತದೆ. ತನ್ನ ಹೆಸರು ಹೇಳುವುದಿಲ್ಲ. ಒಂದೇ ವಿಳಾಸವನ್ನು ಹತ್ತಾರು ಬಗೆಯ ಚಿಪ್ಪುಗಳು ಬಳಸುತ್ತವೆ. ಜಿಪಿಐಒ ಎಂಬ ಸಾಮಾನ್ಯ ಬಳಕೆಯ ಪಿನ್ನಿಗೆ ಕಟ್ಟಿದ ರಿಲೇಯಂತೂ ‘ಹೂಂ’ ಕೂಡ ಅನ್ನದು. ಆ ಪಿನ್ನಿನ ಆಚೆ ತುದಿಯಲ್ಲಿ ಬಲ್ಬಿದೆಯೋ ಮೋಟಾರಿದೆಯೋ ತಂತಿ ಬಿಗಿದವರಿಗೆ ಮಾತ್ರ ಗೊತ್ತು. ಗೊತ್ತಿರುವವರು ಬರೆದುಕೊಡಬೇಕು.

ಜಮೀನಿನ ವ್ಯವಹಾರ ಬಲ್ಲವರಿಗೆ ಇದು ಹೊಸದಲ್ಲ. ಹೊಲದ ಮುಂದೆ ನಿಂತರೆ ಮಣ್ಣು ಕಾಣುತ್ತದೆ. ಸರ್ವೆ ನಂಬರ್ ಎಷ್ಟು, ವಿಸ್ತೀರ್ಣ ಎಷ್ಟು, ಖಾತೆ ಯಾರದು ಎಂಬುದು ಪಹಣಿಯಲ್ಲಿ ಮಾತ್ರ ಇರುತ್ತದೆ. ಡಿವೈಸ್ ಟ್ರೀ ಬೋರ್ಡಿನ ಪಹಣಿ.

ಹಿಂದೆ ಹೇಗಿತ್ತು

ಕರ್ನಾಟಕದವರು ತಮ್ಮದೇ ಬೋರ್ಡಿನ ಮೇಲೆ ಲಿನಕ್ಸ್ ಎಬ್ಬಿಸಿದ ಕಥೆ ಡಿವೈಸ್ ಟ್ರೀ ಆರ್ಮ್ ಬಗೆಯ ಪ್ರೊಸೆಸರುಗಳಿಗೆ ಬರುವುದಕ್ಕಿಂತ ಮುಂಚಿನದು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಬೆಂಗಳೂರಿನ ಎನ್‌ಕೋರ್ ಸಾಫ್ಟ್‌ವೇರ್ ಕೂಡಿ ಕಟ್ಟಿದ ಸಿಂಪ್ಯೂಟರ್ 2001ರಲ್ಲಿ ಜನರೆದುರು ಬಂತು. ಸ್ಟ್ರಾಂಗ್‌ಆರ್ಮ್ ಪ್ರೊಸೆಸರ್, ಲಿನಕ್ಸ್, ಸ್ಮಾರ್ಟ್ ಕಾರ್ಡ್ ಓದುವ ಸೌಲಭ್ಯ, ಕನ್ನಡ ಸೇರಿ ದೇಶಭಾಷೆಗಳು: ಓದು ಬಾರದವರ ಕೈಗೂ ಕಂಪ್ಯೂಟರ್ ಸಿಗಲಿ ಎಂಬುದು ಅದರ ಗುರಿ. ಅದರ ಹಾರ್ಡ್‌ವೇರ್ ನಕ್ಷೆಯನ್ನೂ ಮುಕ್ತ ಪರವಾನಗಿಯಡಿ ಕೊಟ್ಟಿದ್ದರು. ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ರಾಜ್ಯದ ‘ಭೂಮಿ’ ಯೋಜನೆಯಲ್ಲೂ ಸಿಂಪ್ಯೂಟರನ್ನು ಪ್ರಯೋಗಿಸಿ ನೋಡಲಾಯಿತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆಗೂಡಿ ಪಿಕೊಪೆಟಾ ಕಂಪನಿ ಅದನ್ನು ‘ಅಮೀಡಾ’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಆ ಕಾಲದ ಆರ್ಮ್ ಲಿನಕ್ಸ್‌ನಲ್ಲಿ ಬೋರ್ಡಿನ ವಿವರ ಇರುತ್ತಿದ್ದದ್ದು ಕರ್ನಲ್ಲಿನ ಒಳಗೆ, ಸಿ ಭಾಷೆಯ ‘ಬೋರ್ಡ್ ಫೈಲ್’ನಲ್ಲಿ. ಪ್ರತಿ ಬೋರ್ಡಿಗೂ ಒಂದು ನೋಂದಣಿ ಸಂಖ್ಯೆ. ಕರ್ನಲನ್ನು ಎಬ್ಬಿಸುವ ಬೂಟ್‌ಲೋಡರ್ ಆ ಸಂಖ್ಯೆಯನ್ನು ಕರ್ನಲ್‌ಗೆ ದಾಟಿಸುತ್ತಿತ್ತು, ಕರ್ನಲ್ ತನ್ನೊಳಗಿನ ಆ ಬೋರ್ಡಿನ ಕಡತವನ್ನು ಚಾಲೂ ಮಾಡುತ್ತಿತ್ತು. ಒಂದು ಸೆನ್ಸರನ್ನು ಬೇರೆ ಪಿನ್ನಿಗೆ ಬದಲಿಸಿದರೂ ಕರ್ನಲ್ ಪೂರ್ತಿ ಮತ್ತೆ ಕಂಪೈಲ್ ಆಗಬೇಕು. ಫೋನು, ರೂಟರ್, ಸೆಟ್‌ಟಾಪ್ ಬಾಕ್ಸ್‌ಗಳು ಹೆಚ್ಚಿದಂತೆ ಇಂಥ ಕಡತಗಳು ಕಳೆಯಂತೆ ಹಬ್ಬಿದವು. 2011ರ ಮಾರ್ಚಿನಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಗೋಜಲಿನ ಬಗ್ಗೆ ಬಹಿರಂಗವಾಗಿಯೇ ಸಿಟ್ಟಾದರು.

ಪರಿಹಾರ ಬೇರೆ ಕಡೆ ಆಗಲೇ ಸಿದ್ಧವಿತ್ತು. ಸನ್ ಮೈಕ್ರೋಸಿಸ್ಟಮ್ಸ್ ಯಂತ್ರಗಳಲ್ಲಿ ಹುಟ್ಟಿ 1994ರಲ್ಲಿ ಐಇಇಇ 1275 ಎಂಬ ಮಾನದಂಡವಾದ ಓಪನ್ ಫರ್ಮ್‌ವೇರ್, ಯಂತ್ರದ ಭಾಗಗಳನ್ನು ಮರದ ರೂಪದಲ್ಲಿ ಬರೆದಿಡುತ್ತಿತ್ತು. 2005ರ ಹೊತ್ತಿಗೆ ಬೆಂಜಮಿನ್ ಹೆರೆನ್‌ಶ್ಮಿಟ್ ಅದನ್ನು ಚಿಕ್ಕ ಕಡತವಾಗಿ ಹಿಡಿದಿಡುವ ರೀತಿಯನ್ನು ಪವರ್‌ಪಿಸಿ ಲಿನಕ್ಸ್‌ಗೆ ತಂದರು. 2011ರಿಂದ ಗ್ರಾಂಟ್ ಲೈಕ್ಲಿ ಮೊದಲಾದವರ ದುಡಿಮೆಯಿಂದ ಅದೇ ರೀತಿ ಆರ್ಮ್ ಪ್ರಪಂಚಕ್ಕೂ ಬಂತು. 2016ರಲ್ಲಿ ಡಿವೈಸ್ ಟ್ರೀಗೆ ಅದರದೇ ಸ್ವತಂತ್ರ ನಿಯಮಪುಸ್ತಕ ಹೊರಬಂತು. ಈಗ ರಿಸ್ಕ್-ಫೈವ್ ಬೋರ್ಡುಗಳಿಗೂ ಇದೇ ದಾರಿ.

ಇದರಿಂದಾದ ಲಾಭ ಹರದನಹಳ್ಳಿಯ ಹೊಲದಲ್ಲಿ ಕೂತು ನೋಡಿದರೂ ಕಾಣುತ್ತದೆ. ಕರ್ನಲ್ ಒಂದೇ, ಬೋರ್ಡಿಗೊಂದು ಪಹಣಿ. ಪಹಣಿ ತಿದ್ದಿದರೆ ಸಾಕು, ಕರ್ನಲ್ ಮುಟ್ಟಬೇಕಿಲ್ಲ.

ಮರ ಓದುವ ಬಗೆ

ಈ ಮರದ ರಚನೆ ಕಂದಾಯ ಇಲಾಖೆಯ ವಿಳಾಸದಂತೆಯೇ. ಚಾಮರಾಜನಗರ ಜಿಲ್ಲೆ, ಚಾಮರಾಜನಗರ ತಾಲ್ಲೂಕು, ಹರದನಹಳ್ಳಿ ಹೋಬಳಿ, ಗ್ರಾಮ, ಕೊನೆಗೆ ಸರ್ವೆ ನಂಬರ್. ಹಾಗೆಯೇ ಬೇರು, ಪ್ರೊಸೆಸರಿನ ಒಳಗಿನ ಬಸ್ಸು, ಐ2ಸಿ ನಿಯಂತ್ರಕ, ಅದರ ಕೆಳಗೆ ಚಿಪ್ಪು. 48ನೇ ಸರ್ವೆ ನಂಬರ್ ಬೇರೆ ಬೇರೆ ಗ್ರಾಮಗಳಲ್ಲಿ ಇರುವಂತೆ, 48ರ ವಿಳಾಸದ ಚಿಪ್ಪು ಪ್ರತಿ ಐ2ಸಿ ದಾರಿಯಲ್ಲೂ ಇರಬಹುದು. ಯಾವ ಗ್ರಾಮದ 48 ಎಂಬುದನ್ನು ಮರದ ಕೊಂಬೆ ಹೇಳುತ್ತದೆ.

ಮರದ ಪ್ರತಿ ಗಂಟಿಗೂ ‘ನೋಡ್’ ಎನ್ನುತ್ತಾರೆ. ನೋಡಿನೊಳಗೆ ಗುಣಗಳ ಸಾಲುಗಳು. ನೂರಾರು ಗುಣಗಳಿದ್ದರೂ ಹೊಸಬರು ಮೊದಲು ಗಟ್ಟಿ ಮಾಡಿಕೊಳ್ಳಬೇಕಾದವು ಮೂರು.

‘ಕಂಪ್ಯಾಟಿಬಲ್’ ಎಂಬುದು ಚಿಪ್ಪಿನ ಕುಲನಾಮ. ತಯಾರಕರ ಹೆಸರು, ಒಂದು ಅಲ್ಪವಿರಾಮ, ಚಿಪ್ಪಿನ ಹೆಸರು. ನಮ್ಮ ಪೆಟ್ಟಿಗೆಯ ಪರಿವರ್ತಕಕ್ಕೆ ‘ಟಿಐ,ಎಡಿಎಸ್1115’, ಗಡಿಯಾರಕ್ಕೆ ‘ಮ್ಯಾಕ್ಸಿಮ್,ಡಿಎಸ್3231’. ಕರ್ನಲ್ಲಿನ ಪ್ರತಿ ಡ್ರೈವರ್ ತಾನು ಯಾವ ಹೆಸರಿನವರಿಗೆ ಆಗುತ್ತೇನೆ ಎಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಎರಡೂ ಅಕ್ಷರಕ್ಕಕ್ಷರ ತಾಳೆಯಾದರೆ ಮಾತ್ರ ಜೋಡಿ ಕೂಡುತ್ತದೆ. ಅಲ್ಪವಿರಾಮದ ನಂತರ ಒಂದು ಖಾಲಿ ಜಾಗ ಬಿಟ್ಟರೂ ಕೆಟ್ಟಿತು.

‘ರೆಗ್’ ಎಂಬುದು ವಿಳಾಸ. ಪ್ರೊಸೆಸರಿನ ಒಳಗಿನ ಭಾಗಗಳಿಗೆ ಅದರಲ್ಲಿ ಎರಡು ಅಂಕಿ: ಎಲ್ಲಿಂದ ಶುರು, ಎಷ್ಟು ವಿಸ್ತೀರ್ಣ. ಬೀಗಲ್‌ಬೋನಿನ ಎಎಂ335ಎಕ್ಸ್ ಪ್ರೊಸೆಸರಿನಲ್ಲಿ ಐ2ಸಿ-2 ಎಂಬ ನಿಯಂತ್ರಕ ಹೆಕ್ಸ್ (ಹದಿನಾರರ ಲೆಕ್ಕದ) 4819ಸಿ000 ವಿಳಾಸದಲ್ಲಿ 4 ಕಿಲೋಬೈಟ್ ಜಾಗ ಹಿಡಿದು ಕೂತಿದೆ, ಅದರ ಇಂಟರಪ್ಟ್ ಸಂಖ್ಯೆ 30. ಐ2ಸಿ ದಾರಿಯ ಮೇಲಿನ ಚಿಪ್ಪಿಗೆ ವಿಸ್ತೀರ್ಣವಿಲ್ಲ, ಮನೆ ನಂಬರ್ ಒಂದೇ. ಯಾವ ಕೊಂಬೆಯ ಮಕ್ಕಳಿಗೆ ಎಷ್ಟು ಅಂಕಿ ಬೇಕು ಎಂಬುದನ್ನು ಮೇಲಿನ ನೋಡಿನ ‘ಅಡ್ರೆಸ್-ಸೆಲ್ಸ್’, ‘ಸೈಜ್-ಸೆಲ್ಸ್’ ಗುಣಗಳು ನಿಗದಿ ಮಾಡುತ್ತವೆ. ಐ2ಸಿಯಲ್ಲಿ ಮೊದಲನೆಯದು 1, ಎರಡನೆಯದು 0.

ಮೂರನೆಯದು ‘ಸ್ಟೇಟಸ್’. ‘ಓಕೇ’ ಎಂದಿದ್ದರೆ ಚಾಲೂ, ‘ಡಿಸೇಬಲ್ಡ್’ ಎಂದಿದ್ದರೆ ಬಂದ್. ಪ್ರೊಸೆಸರಿನಲ್ಲಿ ಇರುವ ಎಲ್ಲ ಭಾಗಗಳನ್ನೂ ತಯಾರಕರು ಒಂದು ಸಾಮಾನ್ಯ ಕಡತದಲ್ಲಿ ಬರೆದು, ಬಹುತೇಕವನ್ನು ಬಂದ್ ಇಟ್ಟಿರುತ್ತಾರೆ. ಈ ಕಡತಕ್ಕೆ ಡಿಟಿಎಸ್‌ಐ ಎನ್ನುತ್ತಾರೆ. ಬೋರ್ಡಿನ ಸ್ವಂತ ಕಡತ ಡಿಟಿಎಸ್. ಅದು ಸಾಮಾನ್ಯ ಕಡತವನ್ನು ಒಳಗೆ ಸೇರಿಸಿಕೊಂಡು, ತನ್ನಲ್ಲಿ ತಂತಿ ಎಳೆದಿರುವ ಭಾಗಗಳನ್ನಷ್ಟೇ ಚಾಲೂ ಮಾಡುತ್ತದೆ. ಡಿಟಿಎಸ್‌ಅನ್ನು ಡಿಟಿಸಿ ಎಂಬ ಕಂಪೈಲರಿಗೆ ಕೊಟ್ಟರೆ ಕರ್ನಲ್ ಓದುವ ಡಿಟಿಬಿ ಹೊರಬರುತ್ತದೆ. ಬೂಟ್‌ಲೋಡರ್ ಆ ಡಿಟಿಬಿಯನ್ನು ನೆನಪಿನಲ್ಲಿಟ್ಟು, ಇದು ನಿನ್ನ ಬೋರ್ಡು ಎಂದು ಕರ್ನಲ್‌ಗೆ ತೋರಿಸಿ ಪಕ್ಕಕ್ಕೆ ಸರಿಯುತ್ತದೆ.

ಬೀಗಲ್‌ಬೋನಿನಲ್ಲಿ ಐ2ಸಿ-2 ನಿಯಂತ್ರಕವನ್ನು ಬೋರ್ಡಿನ ಕಡತವೇ ಚಾಲೂ ಮಾಡಿದೆ. ಅದರ ತಂತಿಗಳು ಪಿ9 ಸಾಲಿನ 19 ಮತ್ತು 20ನೇ ಪಿನ್ನಿಗೆ ಬಂದಿವೆ. ಮಗಳು ತನ್ನ ಎರಡು ಚಿಪ್ಪುಗಳನ್ನು ಅಲ್ಲಿಗೇ ಕಟ್ಟಿದ್ದಾಳೆ. ಈಗ ಅವಳು ಬರೆಯಬೇಕಾದದ್ದು ಆ ಕೊಂಬೆಯ ಕೆಳಗಿನ ಎರಡು ನೋಡುಗಳು.

ಒಣ ಮಣ್ಣು ಅಡಗಿಕೊಂಡ ಕಥೆ

ಎಡಿಎಸ್1115ಕ್ಕೆ ನಾಲ್ಕು ವಿಳಾಸಗಳಲ್ಲಿ ಒಂದನ್ನು ಆಯ್ದುಕೊಳ್ಳಬಹುದು. ಅದರ ಎಡಿಡಿಆರ್ ಕಾಲನ್ನು ಗ್ರೌಂಡಿಗೆ ಕಟ್ಟಿದರೆ ಹೆಕ್ಸ್ 48, ಪವರಿಗೆ ಕಟ್ಟಿದರೆ 49. ಮೊದಲ ಎಡವಟ್ಟು ಇಲ್ಲೇ ಕಾದಿರುತ್ತದೆ. ನೋಡಿನ ಹೆಸರಿನಲ್ಲಿ ‘ಅಟ್’ ಚಿಹ್ನೆಯ ನಂತರ ಬರೆಯುವ 48 ಯಾವಾಗಲೂ ಹೆಕ್ಸ್. ಆದರೆ ‘ರೆಗ್’ ಸಾಲಿನಲ್ಲಿ ಸೊನ್ನೆ-ಎಕ್ಸ್ ಸೇರಿಸದೆ ಬರಿಯ 48 ಎಂದು ಬರೆದರೆ ಕಂಪೈಲರ್ ಅದನ್ನು ನಮ್ಮ ದಿನಬಳಕೆಯ ನಲವತ್ತೆಂಟು ಎಂದೇ ಹಿಡಿಯುತ್ತದೆ. ದಶಮಾನದ 48 ಅಂದರೆ ಹೆಕ್ಸ್‌ನಲ್ಲಿ 30. ಕರ್ನಲ್ 30ನೇ ಮನೆಯ ಬಾಗಿಲು ಬಡಿಯುತ್ತದೆ, ಅಲ್ಲಿ ಯಾರೂ ಇರುವುದಿಲ್ಲ. ವಿಳಾಸ ಹೊಂದುತ್ತಿಲ್ಲ ಎಂದು ಡಿಟಿಸಿ ಎಚ್ಚರಿಕೆಯ ಸಾಲೊಂದನ್ನು ಕೊಡುತ್ತದೆ. ಅದನ್ನು ಓದದೆ ಮುಂದೆ ಹೋದವರು ಸಂಜೆಯವರೆಗೂ ತಂತಿ ಎಳೆದು ನೋಡುತ್ತಾರೆ.

ಎರಡನೆಯದು ಇನ್ನೂ ಸೂಕ್ಷ್ಮ. ಚಿಪ್ಪಿಗೆ ನಾಲ್ಕು ಒಳಹರಿವುಗಳಿವೆ. ಸೆನ್ಸರನ್ನು ಮೊದಲನೆಯದಕ್ಕೆ, ಅಂದರೆ ಎಐಎನ್0ಗೆ ಕಟ್ಟಿದ್ದೇವೆ, ಹಾಗಾಗಿ ಚಾನೆಲ್ ಸಂಖ್ಯೆ 0 ಎಂದು ಬರೆಯಲು ಕೈ ಹೋಗುತ್ತದೆ. ಈ ಚಿಪ್ಪಿನ ಲೆಕ್ಕದಲ್ಲಿ 0 ಎಂದರೆ ಮೊದಲೆರಡು ಒಳಹರಿವುಗಳ ನಡುವಿನ ವ್ಯತ್ಯಾಸ. ಒಂದೇ ಒಳಹರಿವನ್ನು ಗ್ರೌಂಡಿನ ಎದುರು ಅಳೆಯಬೇಕಾದರೆ 4ರಿಂದ 7ರವರೆಗಿನ ಸಂಖ್ಯೆ ಬೇಕು, ಎಐಎನ್0ಗೆ 4.

ಮೂರನೆಯದು ಬೆಳೆಗೇ ಮುಟ್ಟುವಂಥದ್ದು. ಚಿಪ್ಪು ಎಷ್ಟು ವೋಲ್ಟೇಜಿನವರೆಗೆ ಅಳೆಯಬೇಕು ಎಂಬುದನ್ನು ‘ಟಿಐ,ಗೇನ್’ ಎಂಬ ಗುಣ ಹೇಳುತ್ತದೆ. ಏನೂ ಬರೆಯದಿದ್ದರೆ 2 ಎಂದೇ ಅರ್ಥ, ಮಿತಿ 2.048 ವೋಲ್ಟ್. ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಕೆಪಾಸಿಟಿವ್ ಮಣ್ಣಿನ ಸೆನ್ಸರುಗಳು ಮಣ್ಣು ಒದ್ದೆಯಿದ್ದಾಗ ಕಡಿಮೆ ವೋಲ್ಟೇಜು, ಒಣಗಿದಂತೆಲ್ಲ ಹೆಚ್ಚು ವೋಲ್ಟೇಜು ಕೊಡುತ್ತವೆ. ಪೂರ್ತಿ ಒಣಗಿದಾಗ 2 ವೋಲ್ಟ್ ದಾಟುವುದುಂಟು. ಆಗ ಏನಾಗುತ್ತದೆ? ಮಣ್ಣು ತೇವವಿದ್ದಷ್ಟು ದಿನ ಅಂಕಿಗಳು ಸರಿಯಾಗಿ ಬರುತ್ತವೆ. ಒಣಗತೊಡಗಿ ಒಂದು ಗಡಿ ದಾಟಿದ ಮೇಲೆ ಅಂಕಿ 32767ಕ್ಕೆ ನಿಂತುಬಿಡುತ್ತದೆ, ಏಕೆಂದರೆ ಈ 16 ಬಿಟ್ ಚಿಪ್ಪಿನ ಗರಿಷ್ಠ ಅದು. ನಿನ್ನೆ ಒಣಗಿದ್ದಕ್ಕೂ ಎಂಟು ದಿನದಿಂದ ಒಣಗಿದ್ದಕ್ಕೂ ಒಂದೇ ಅಂಕಿ. ಗೇನ್ 1 ಎಂದು ಬರೆದರೆ ಮಿತಿ 4.096 ವೋಲ್ಟಿಗೆ ಏರುತ್ತದೆ, ಒಣ ಮಣ್ಣಿನ ಮೆಟ್ಟಿಲುಗಳೂ ಕಾಣುತ್ತವೆ. ಚಿಪ್ಪಿಗೆ 3.3 ವೋಲ್ಟ್ ಪವರ್ ಕೊಟ್ಟಿರುವಾಗ ಒಳಹರಿವೂ ಅದನ್ನು ಮೀರಬಾರದು ಎಂಬುದು ಮಾತ್ರ ನೆನಪಿರಲಿ.

ಗಡಿಯಾರದ ಚಿಪ್ಪಿನ ನೋಡು ಚಿಕ್ಕದು: ಹೆಸರು, ಹೆಕ್ಸ್ 68ರ ವಿಳಾಸ, ಮುಗಿಯಿತು. ಎಎಂ335ಎಕ್ಸ್‌ನ ಒಳಗೂ ಒಂದು ಗಡಿಯಾರವಿದೆ. ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಅದಕ್ಕೆ ಬ್ಯಾಟರಿಯ ಆಸರೆ ಇಲ್ಲ. ಕರೆಂಟು ಹೋಗಿ ಬಂದಾಗ ಲಿನಕ್ಸ್ ಯಾವ ಗಡಿಯಾರವನ್ನು ನಂಬಬೇಕು ಎಂದು ಹೇಳಲು ‘ಏಲಿಯಾಸಸ್’ ಎಂಬ ನೋಡಿನಲ್ಲಿ ‘ಆರ್‌ಟಿಸಿ0’ ಎಂಬ ಹೆಸರನ್ನು ಡಿಎಸ್3231ಗೆ ಕೊಡಬೇಕು. ಇಲ್ಲದಿದ್ದರೆ ಮಳೆಯ ಲೆಕ್ಕದ ತಾರೀಖುಗಳೆಲ್ಲ ಅಡ್ಡಾದಿಡ್ಡಿಯಾಗುತ್ತವೆ.

ಮಳೆ ಮಾಪಕದೊಳಗೆ ತಕ್ಕಡಿಯಂಥ ಪುಟ್ಟ ಬಟ್ಟಲು ಇರುತ್ತದೆ. ನಿಗದಿಯಾದಷ್ಟು ನೀರು ತುಂಬಿದಾಗ ಅದು ವಾಲಿ ಒಂದು ಸ್ವಿಚ್ಚನ್ನು ಕ್ಷಣ ಕೂಡಿಸುತ್ತದೆ. ಪಿ9 ಸಾಲಿನ 12ನೇ ಪಿನ್ನಿಗೆ ಕಟ್ಟಿದರೆ ಪ್ರೊಸೆಸರಿನ ಲೆಕ್ಕದಲ್ಲಿ ಅದು ಜಿಪಿಐಒ-1ರ 28ನೇ ಗೆರೆ. ಕರ್ನಲ್‌ನಲ್ಲಿ 2021ರಿಂದ ‘ಇಂಟರಪ್ಟ್-ಕೌಂಟರ್’ ಎಂಬ ಡ್ರೈವರ್ ಇದೆ. ಆ ಹೆಸರು ಬರೆದು, 28ನೇ ಗೆರೆ ಮೇಲಿನಿಂದ ಕೆಳಕ್ಕೆ ಬಿದ್ದಾಗ ಎಣಿಸು ಎಂದರೆ ಎಣಿಕೆ ಶುರು. ಪಿನ್ನನ್ನು ಒಳಹರಿವಾಗಿ, ಪುಲ್-ಅಪ್ ಸಮೇತ ಇಡುವ ಸಾಲನ್ನು ‘ಪಿನ್‌ಕಂಟ್ರೋಲ್’ ಭಾಗದಲ್ಲಿ ಬೇರೆಯಾಗಿ ಬರೆಯಬೇಕು. ಒಂದೇ ಪಿನ್ನು ಹಲವು ಕೆಲಸಗಳಿಗೆ ಆಗುವಂತೆ ಮಾಡಿರುವುದರಿಂದ, ಈಗ ಯಾವ ಕೆಲಸ ಎಂದು ಹೇಳದಿದ್ದರೆ ಗೆರೆ ಸುಮ್ಮನಿರುತ್ತದೆ.

ಮೋಟಾರು ತಂತಾನೆ ಓಡಿದಾಗ

ರಿಲೇಗೆಂದು ಎದ್ದುಕಾಣುವ ಸರಳ ಡ್ರೈವರ್ ಇಲ್ಲದ್ದರಿಂದ ಪ್ರಯೋಗಕ್ಕೆ ಹಲವರು ‘ಜಿಪಿಐಒ-ಎಲ್‌ಇಡಿಎಸ್’ ಎಂಬ ಎಲ್‌ಇಡಿ ಡ್ರೈವರನ್ನೇ ಬಳಸುತ್ತಾರೆ. ಪಿ9ರ 23ನೇ ಪಿನ್ನು, ಅಂದರೆ ಜಿಪಿಐಒ-1ರ 17ನೇ ಗೆರೆ ಎಂದು ಬರೆದು, ಆರಂಭದ ಸ್ಥಿತಿ ‘ಆಫ್’ ಎಂದು ಸೇರಿಸಿದರೆ ಆಯಿತೆಂದು ತೋರುತ್ತದೆ. ಕರೆಂಟು ಹೋಗಿ ಬಂತು, ಬೋರ್ಡು ಮತ್ತೆ ಎದ್ದಿತು, ಕಟಕ್ ಎಂದಿತು. ಅಪ್ಪ ಹೊಲದಿಂದ ಕೂಗುತ್ತಾರೆ: “ಏನವ್ವ, ಮೋಟ್ರು ತಾನ್‌ತಾನೆ ಓಡ್ತಾ ಅದಲ್ಲ!”

ಕಾರಣ ಒಂದೇ ಪದ. ಅಂಗಡಿಯಲ್ಲಿ ಸಿಗುವ ಅಗ್ಗದ ರಿಲೇ ಬೋರ್ಡುಗಳಲ್ಲಿ ಬಹಳಷ್ಟು ಉಲ್ಟಾ ಸ್ವಭಾವದವು. ಪಿನ್ನಿನಲ್ಲಿ 0 ವೋಲ್ಟ್ ಬಂದಾಗ ಎಳೆಯುತ್ತವೆ, 3.3 ವೋಲ್ಟ್ ಬಂದಾಗ ಬಿಡುತ್ತವೆ. ಗೆರೆಯ ಮುಂದೆ ‘ಆಕ್ಟಿವ್-ಹೈ’ ಎಂದು ಬರೆದಿದ್ದರೆ ಕರ್ನಲ್ ಪ್ರಾಮಾಣಿಕವಾಗಿ ‘ಆಫ್’ ಮಾಡಲು 0 ವೋಲ್ಟ್ ಕೊಡುತ್ತದೆ, ರಿಲೇ ಅದನ್ನೇ ‘ಆನ್’ ಎಂದು ತಿಳಿಯುತ್ತದೆ. ‘ಆಕ್ಟಿವ್-ಲೋ’ ಎಂದು ತಿದ್ದಿದರೆ ಸರಿಹೋಯಿತು. ಪ್ರೋಗ್ರಾಮಿನಲ್ಲಿ ಉಲ್ಟಾ ಲೆಕ್ಕ ಹಾಕಿ ತೇಪೆ ಹಚ್ಚುವುದಕ್ಕಿಂತ ಪಹಣಿಯಲ್ಲೇ ಸತ್ಯ ಬರೆಯುವುದು ಮೇಲು, ಏಕೆಂದರೆ ಪ್ರೋಗ್ರಾಮು ಏಳುವ ಮುಂಚೆಯೇ ಕರ್ನಲ್ ಪಿನ್ನು ಮುಟ್ಟಿರುತ್ತದೆ.

ಕರ್ನಲ್ ಕೂಡ ಏಳದ ಮೊದಲ ಕೆಲವು ಸೆಕೆಂಡುಗಳಲ್ಲಿ ಪಿನ್ನು ಯಾರ ಹಿಡಿತದಲ್ಲೂ ಇರುವುದಿಲ್ಲ. ಆ ಹೊತ್ತಿಗೆ ರಿಲೇಯನ್ನು ಬಿಟ್ಟ ಸ್ಥಿತಿಯಲ್ಲಿ ಹಿಡಿದಿಡುವ ರೆಸಿಸ್ಟರ್ ಹಾರ್ಡ್‌ವೇರಿನಲ್ಲೇ ಇರಬೇಕು. ಯಾವ ಕಡತವೂ ಅದರ ಬದಲಿಗೆ ನಿಲ್ಲದು. ಬೀಗಲ್‌ಬೋನಿನ ಪಿನ್ನುಗಳು 3.3 ವೋಲ್ಟಿನವು, 5 ವೋಲ್ಟ್ ತಾಗಿದರೆ ಸುಡುತ್ತವೆ. ನಡುವೆ ಟ್ರಾನ್ಸಿಸ್ಟರ್ ಇಡುವುದು ಕ್ಷೇಮ. ರಿಲೇ ಮೋಟಾರಿನ ಕರೆಂಟನ್ನು ನೇರವಾಗಿ ಹೊರಬಾರದು, ಸ್ಟಾರ್ಟರಿನ ಕಾಯಿಲ್ ಮಾತ್ರ ನಡೆಸಬೇಕು. ಸ್ಟಾರ್ಟರಿನಲ್ಲಿರುವ ಓವರ್‌ಲೋಡ್ ರಕ್ಷಣೆ, ಸಿಂಗಲ್ ಫೇಸ್ ತಡೆ ಹಾಗೆಯೇ ಉಳಿಯಬೇಕು. ಆ ಜೋಡಣೆಯನ್ನು ಲೈಸೆನ್ಸ್ ಇರುವ ವೈರಿಂಗ್ ಕೆಲಸದವರಿಂದಲೇ ಮಾಡಿಸಬೇಕು.

ಇಡೀ ಮರ ಕಡಿಯಬೇಕಿಲ್ಲ

ನಾಲ್ಕು ಹೊಸ ನೋಡುಗಳಿಗಾಗಿ ಬೋರ್ಡಿನ ಪೂರ್ತಿ ಕಡತವನ್ನು ತಿದ್ದುವ ಅಗತ್ಯವಿಲ್ಲ. ಮರಕ್ಕೆ ಕಸಿ ಕಟ್ಟುವ ಹಾಗೆ ಹೊಸ ಕೊಂಬೆಗಳನ್ನಷ್ಟೇ ಬೇರೆ ಕಡತದಲ್ಲಿ ಬರೆಯಬಹುದು. ಇದಕ್ಕೆ ಓವರ್‌ಲೇ ಎನ್ನುತ್ತಾರೆ. ಕಂಪೈಲ್ ಆದ ಮೇಲೆ ಅದರ ಹೆಸರು ಡಿಟಿಬಿಒ. ಕಸಿ ಕೂಡಬೇಕಾದರೆ ಮೂಲ ಮರದ ಕೊಂಬೆಗಳಿಗೆ ಹೆಸರುಪಟ್ಟಿ ಇರಬೇಕು, ಅಂದರೆ ಮೂಲ ಡಿಟಿಬಿಯನ್ನು ಡಿಟಿಸಿಯ ‘ಅಟ್’ ಆಯ್ಕೆಯೊಂದಿಗೆ ಕಂಪೈಲ್ ಮಾಡಿರಬೇಕು. ಬೀಗಲ್‌ಬೋನಿನ ಡೆಬಿಯನ್‌ನಲ್ಲಿ ಯಾವ ಓವರ್‌ಲೇ ಸೇರಿಸಬೇಕು ಎಂಬುದನ್ನು ‘ಯುಎನ್ವ್’ ಎಂಬ ಪಠ್ಯ ಕಡತದಲ್ಲಿ ಬರೆದರೆ ಯು-ಬೂಟ್ ಎಂಬ ಬೂಟ್‌ಲೋಡರ್ ಸೇರಿಸಿಕೊಳ್ಳುತ್ತದೆ. ರಾಸ್ಪ್‌ಬೆರಿ ಪೈ ಇರುವವರಿಗೆ ಕೆಲಸ ಇನ್ನೂ ಹಗುರ. ‘ಕಾನ್ಫಿಗ್’ ಪಠ್ಯ ಕಡತದಲ್ಲಿ ‘ಡಿಟಿಓವರ್‌ಲೇ’ ಎಂಬ ಒಂದು ಸಾಲು ಸಾಕು. ಡಿಎಸ್3231, ಎಡಿಎಸ್1115 ಎರಡಕ್ಕೂ ಸಿದ್ಧ ಓವರ್‌ಲೇಗಳು ಅದರ ಜೊತೆಯಲ್ಲೇ ಬರುತ್ತವೆ.

ಹೆಸರು, ಗುಣಗಳನ್ನು ಎಲ್ಲಿಂದ ತಿಳಿಯಬೇಕು? ಪ್ರತಿ ಚಿಪ್ಪಿಗೂ ಕರ್ನಲ್ಲಿನ ಮೂಲದಲ್ಲಿ ‘ಬೈಂಡಿಂಗ್’ ಎಂಬ ಕಡತವಿದೆ. ಯಾವ ಗುಣ ಕಡ್ಡಾಯ, ಯಾವುದು ಐಚ್ಛಿಕ, ಅಂಕಿಯ ಮಿತಿ ಎಷ್ಟು, ಎಲ್ಲವೂ ಅಲ್ಲಿ ಉದಾಹರಣೆ ಸಮೇತ ಇರುತ್ತದೆ. ಗೇನ್‌ನ 1 ಮತ್ತು 2ರ ಅರ್ಥ, ಚಾನೆಲ್ 4ರ ಗುಟ್ಟು ಅಲ್ಲಿಯೇ ಬರೆದಿದೆ. ಮೊದಲು ಅದನ್ನು, ಆಮೇಲೆ ಚಿಪ್ಪಿನ ಡೇಟಾಶೀಟನ್ನು ಓದಿ ಬರೆಯಲು ಕೂತವರ ಅರ್ಧ ಕಷ್ಟ ಅಲ್ಲಿಗೇ ಕಳೆಯುತ್ತದೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಪಹಣಿಯಲ್ಲಿ ಹೊಲ ಎಷ್ಟಿದೆ ಎಂದು ಇರುತ್ತದೆಯೇ ಹೊರತು ನಾಳೆ ನೀರು ಬಿಡಬೇಕೇ ಎಂದು ಇರುವುದಿಲ್ಲ. ಡಿವೈಸ್ ಟ್ರೀಯಲ್ಲೂ ಏನಿದೆ, ಎಲ್ಲಿದೆ, ಯಾವುದಕ್ಕೆ ಕೂಡಿದೆ ಎಂಬುದಷ್ಟೇ ಇರಬೇಕು. ಮಣ್ಣು ಎಷ್ಟು ಒಣಗಿದರೆ ಮೋಟಾರು ಹಾಕಬೇಕು, ಎಷ್ಟು ನಿಮಿಷ ಓಡಿಸಬೇಕು ಎಂಬ ತೀರ್ಮಾನಗಳು ಪ್ರೋಗ್ರಾಮಿನವು. ಅವನ್ನೂ ಇಲ್ಲಿ ತುರುಕಿದರೆ ಬೆಳೆ ಬದಲಾದಾಗಲೆಲ್ಲ ಬೋರ್ಡಿನ ಪಹಣಿ ತಿದ್ದುತ್ತಾ ಕೂರಬೇಕಾಗುತ್ತದೆ.

ತಪ್ಪು ಹುಡುಕುವ ಕ್ರಮ

ಡಿವೈಸ್ ಟ್ರೀಯ ಕಷ್ಟವೆಂದರೆ ಬಹಳ ತಪ್ಪುಗಳು ಸದ್ದಿಲ್ಲದವು. ಗುಣದ ಹೆಸರಿನಲ್ಲಿ ಅಡ್ಡಗೆರೆಯ ಬದಲು ಅಡಿಗೆರೆ ಬಿದ್ದರೂ ಕಡತ ಕಂಪೈಲ್ ಆಗುತ್ತದೆ. ಡ್ರೈವರ್ ಆ ಸಾಲನ್ನು ಗಮನಿಸದೆ ತನ್ನ ಪೂರ್ವನಿಗದಿತ ಅಂಕಿಯನ್ನೇ ಹಿಡಿಯುತ್ತದೆ. ಕರ್ನಲ್ ಮೂಲದ ಜೊತೆ ಕೆಲಸ ಮಾಡುವವರಿಗೆ ‘ಡಿಟಿಬಿಎಸ್_ಚೆಕ್’ ಎಂಬ ಪರೀಕ್ಷೆ ಇದೆ, ಅದು ಬರೆದದ್ದನ್ನು ಬೈಂಡಿಂಗ್ ನಿಯಮಗಳ ಜೊತೆ ತಾಳೆ ನೋಡಿ ಇಂಥವನ್ನು ಹಿಡಿಯುತ್ತದೆ. ಉಳಿದವರು ಬೋರ್ಡಿನ ಮೇಲೆಯೇ ಹೀಗೆ ಹೆಜ್ಜೆ ಹೆಜ್ಜೆಯಾಗಿ ಹೋಗಬಹುದು.

ಮೊದಲು ನೋಡಬೇಕಾದದ್ದು ಕರ್ನಲ್ ಕೈಗೆ ತಲುಪಿದ ಮರ ನಾವು ಬರೆದದ್ದೇ ಹೌದೇ ಎಂಬುದು. ‘ಪ್ರೊಕ್’ನ ಒಳಗಿನ ‘ಡಿವೈಸ್-ಟ್ರೀ’ ಎಂಬ ಜಾಗದಲ್ಲಿ ಚಾಲ್ತಿಯಲ್ಲಿರುವ ಮರ ಪೂರ್ತಿ ಫೋಲ್ಡರುಗಳ ರೂಪದಲ್ಲಿ ಕಾಣುತ್ತದೆ. ಡಿಟಿಸಿಗೆ ಅದನ್ನೇ ಕೊಟ್ಟರೆ ಮತ್ತೆ ಓದುವ ಡಿಟಿಎಸ್ ಆಗಿ ಬಿಡಿಸಿಕೊಡುತ್ತದೆ. ಹೊಸ ನೋಡು ಅಲ್ಲಿ ಇಲ್ಲವಾದರೆ ತಪ್ಪು ಬೂಟ್ ಹಂತದ್ದು. ಓವರ್‌ಲೇ ಸೇರಿಲ್ಲ, ಇಲ್ಲವೇ ಹಳೆಯ ಡಿಟಿಬಿಯೇ ಏರುತ್ತಿದೆ.

ನೋಡು ಇದ್ದೂ ಚಿಪ್ಪು ಕೆಲಸ ಮಾಡದಿದ್ದರೆ ‘ಐ2ಸಿಡಿಟೆಕ್ಟ್’ ಓಡಿಸಬೇಕು. 48ರ ಜಾಗದಲ್ಲಿ ಬರಿಯ 48 ಬಂದರೆ ಚಿಪ್ಪು ಇದೆ, ಆದರೆ ಡ್ರೈವರ್ ಕೂಡಿಲ್ಲ. ‘ಕಂಪ್ಯಾಟಿಬಲ್’ ಸಾಲಿನ ಅಕ್ಷರ ನೋಡಬೇಕು, ಆ ಡ್ರೈವರ್ ಈ ಕರ್ನಲ್‌ನಲ್ಲಿ ಕಂಪೈಲ್ ಆಗಿದೆಯೇ ನೋಡಬೇಕು. ‘ಯುಯು’ ಎಂದು ಬಂದರೆ ಡ್ರೈವರ್ ಆ ವಿಳಾಸವನ್ನು ವಹಿಸಿಕೊಂಡಿದೆ, ಚಿಂತೆಯಿಲ್ಲ. ಬರಿಯ ಗೀಟುಗಳೇ ಬಂದರೆ ತಪ್ಪು ಕಡತದ್ದಲ್ಲ, ತಂತಿಯದ್ದು ಅಥವಾ ಎಡಿಡಿಆರ್ ಕಾಲಿನದ್ದು.

ಡ್ರೈವರ್ ಇನ್ನೊಬ್ಬರಿಗಾಗಿ ಕಾಯುತ್ತಾ ಕೂರುವುದೂ ಉಂಟು. ಪವರ್ ಕೊಡುವ ರೆಗ್ಯುಲೇಟರಿನ ನೋಡು ಬಂದ್ ಆಗಿದ್ದರೆ ಸೆನ್ಸರಿನ ಡ್ರೈವರ್ ‘ಆಮೇಲೆ ಬರುತ್ತೇನೆ’ ಎಂದು ಸರಿದುಬಿಡುತ್ತದೆ. ಹಾಗೆ ಬಾಕಿ ಉಳಿದವರ ಪಟ್ಟಿ ಡೀಬಗ್ ಫೋಲ್ಡರಿನ ‘ಡಿವೈಸಸ್_ಡಿಫರ್ಡ್’ ಕಡತದಲ್ಲಿ ಸಿಗುತ್ತದೆ. ಡಿಟಿಬಿ ಕಡತವೇ ಕೆಟ್ಟಿದೆಯೆಂಬ ಅನುಮಾನ ಬಂದರೆ ಅದರ ಮೊದಲ ನಾಲ್ಕು ಬೈಟ್ ನೋಡಿದರೆ ಸಾಕು. ಡಿ, ಸೊನ್ನೆ, ಸೊನ್ನೆ, ಡಿ, ಎಫ್, ಇ, ಇ, ಡಿ ಎಂಬ ಎಂಟು ಹೆಕ್ಸ್ ಅಂಕಿಗಳಿಂದ ಪ್ರತಿಯೊಂದು ಡಿಟಿಬಿಯೂ ಶುರುವಾಗಬೇಕು.

ಎಲ್ಲಿಂದ ಶುರು ಮಾಡುವುದು

ಕಲಿಯಲು ಸೆನ್ಸರೂ ಬೇಕಿಲ್ಲ. ಬೀಗಲ್‌ಬೋನ್ ಏಳುವಾಗ ಮಿಣುಕುವ ಆ ಎಲ್‌ಇಡಿಯೇ ಮೊದಲ ಪಾಠ. ಅದು ಜಿಪಿಐಒ-1ರ 21ನೇ ಗೆರೆಗೆ ಕೂಡಿದೆ. ಅದರ ನೋಡಿನಲ್ಲಿ ‘ಡಿಫಾಲ್ಟ್-ಟ್ರಿಗರ್’ ಎಂಬ ಗುಣಕ್ಕೆ ‘ಹಾರ್ಟ್‌ಬೀಟ್’ ಎಂಬ ಬೆಲೆ ಕೊಟ್ಟಿರುವುದರಿಂದಲೇ ಅದು ಎದೆಬಡಿತದಂತೆ ಎರಡೆರಡು ಬಾರಿ ಹೊಡೆದುಕೊಳ್ಳುತ್ತದೆ. ಆ ಒಂದು ಪದವನ್ನು ‘ಟೈಮರ್’ ಎಂದು ಬದಲಿಸಿ, ಡಿಟಿಸಿಯಿಂದ ಕಂಪೈಲ್ ಮಾಡಿ, ಹಳೆಯ ಡಿಟಿಬಿಯ ಪ್ರತಿಯನ್ನು ಜೋಪಾನವಾಗಿ ಬದಿಗಿಟ್ಟು, ಹೊಸದನ್ನು ಹಾಕಿ ಬೋರ್ಡು ಎಬ್ಬಿಸಬೇಕು. ಮಿಣುಕುವ ಲಯ ಬದಲಾದರೆ ದಾರಿ ಪೂರ್ತಿ ಕೈವಶವಾಯಿತು ಎಂದರ್ಥ.

ಆಮೇಲೆ ಗಡಿಯಾರದ ಚಿಪ್ಪು, ನಂತರ ಎಡಿಎಸ್1115. ಒಂದು ಲೋಟ ಹೊಲದ ಒಣ ಮಣ್ಣಿನಲ್ಲಿ ಸೆನ್ಸರ್ ಚುಚ್ಚಿ, ಚಮಚ ಚಮಚ ನೀರು ಹಾಕುತ್ತಾ ಅಂಕಿ ಇಳಿಯುವುದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು; ಅದೇ ಮುಂದೆ ಪ್ರೋಗ್ರಾಮಿಗೆ ಬೇಕಾಗುವ ಲೆಕ್ಕ. ಬರೆದ ಡಿಟಿಎಸ್‌ನ ಒಂದು ಮುದ್ರಿತ ಪ್ರತಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಟ್ಟರೆ, ಮುಂದಿನ ವರ್ಷ ರಿಪೇರಿಗೆ ಬಂದವರು ಯಾವ ತಂತಿ ಯಾವುದೆಂದು ಹುಡುಕುತ್ತಾ ಕೂರಬೇಕಿಲ್ಲ.

ರಿಲೇ ಕೊನೆಗೆ. ಸ್ಟಾರ್ಟರಿನ ಜಾಗದಲ್ಲಿ ಮೊದಲು 12 ವೋಲ್ಟಿನ ಒಂದು ಪುಟ್ಟ ಬಲ್ಬು ಕಟ್ಟಬೇಕು. ಕರೆಂಟು ಹೋಗಿ ಬಂದಂತೆ ಬೋರ್ಡಿನ ಪ್ಲಗ್ಗನ್ನು ಹತ್ತು ಬಾರಿ ಕಿತ್ತು ಹಾಕಬೇಕು, ಹತ್ತೂ ಬಾರಿ ಬಲ್ಬಿನ ಮೇಲೆ ಕಣ್ಣಿಟ್ಟಿರಬೇಕು. ಒಮ್ಮೆಯೂ ಅದು ಮಿಂಚದಿದ್ದರೆ ಮಾತ್ರ ಅಪ್ಪನನ್ನೂ ವೈರಿಂಗ್ ಕೆಲಸದವರನ್ನೂ ಬೋರ್‌ವೆಲ್ ಹತ್ತಿರ ಕರೆಯಬಹುದು.